ಧಾರವಾಡದ ಒಂದು ಅರ್ಜಿ

ಬೆಳಗಾವಿಯಿಂದ ಖಾನಾಪುರದ ಹಾದಿ ಹಿಡಿದವರಿಗೆ ಊರು ಮುಗಿಯುವ ಮೊದಲೇ ಉದ್ಯಮಬಾಗ ಎದುರಾಗುತ್ತದೆ. ಎರಕದ ಕಾರಖಾನೆಗಳು, ಲೇಥುಗಳು ತಿರುಗುವ ಸಣ್ಣ ದೊಡ್ಡ ಶೆಡ್ಡುಗಳು, ಕಾದ ಎಣ್ಣೆಯ ವಾಸನೆ. ಪಾಳಿ ಬಿಡುವ ಹೊತ್ತಿಗೆ ರಸ್ತೆಯ ತುಂಬ ಊಟದ ಡಬ್ಬಿ ಹಿಡಿದ ಹುಡುಗರು. ನಾನು ಕನ್ನಡ ಪಾಠ ಹೇಳುವವನು. ಕಬ್ಬಿಣದ ಕೆಲಸಕ್ಕೂ ನನಗೂ ದೂರ. ಆದರೆ ಮನೆ ಆ ಕಡೆಗಿರುವುದರಿಂದ ಸಂಜೆ ಅಡ್ಡಾಡಲು ಹೋದಾಗ ಅಲ್ಲಿಯ ಚಹದಂಗಡಿಯಲ್ಲಿ ಹಳೆಯ ವಿದ್ಯಾರ್ಥಿಗಳು ಒಬ್ಬಿಬ್ಬರು ಭೇಟಿಯಾಗುವುದುಂಟು. ಹೀಗೆ ಭೇಟಿಯಾದ ಒಬ್ಬನ ಮಾತು ನನ್ನನ್ನು ನೂರೈವತ್ತು ವರ್ಷಕ್ಕೂ ಹಿಂದಿನ ಒಂದು ಸರಕಾರಿ ಕಾಗದದ ಬಳಿಗೆ ಕರೆದೊಯ್ದಿತು. ಆ ಕಾಗದದ ಇತಿಹಾಸವನ್ನು ಹೇಳುವುದೇ ಈ ಲೇಖನದ ಉದ್ದೇಶ. ಆದರೆ ಮೊದಲು ಆ ಹುಡುಗನ ಮಾತನ್ನು ಹೇಳಬೇಕು.

"ಸರ, ಗುರ್ತು ಹತ್ತಿತೇನ್ರಿ?" ಎಂದು ಅವನೇ ಎದ್ದು ಬಂದ. ಹತ್ತಿತು. ಬಿ.ಎ. ಮೊದಲನೆಯ ವರ್ಷ ನನ್ನ ವರ್ಗದಲ್ಲಿದ್ದವನು. ಖಾನಾಪುರ ತಾಲೂಕಿನ ಒಂದು ಹಳ್ಳಿಯಿಂದ ದಿನಾಲು ಬಸ್ಸಿಗೆ ಬರುತ್ತಿದ್ದ. ಹಳಗನ್ನಡ ಪದ್ಯವನ್ನು ತಪ್ಪಿಲ್ಲದೆ ಓದುತ್ತಿದ್ದ ಕೆಲವೇ ಹುಡುಗರಲ್ಲಿ ಅವನೊಬ್ಬ. ಎರಡನೆಯ ವರ್ಷ ಕಾಣಲಿಲ್ಲ. ಈಗ ಟರ್ನರ್ ಕೆಲಸದ ತರಬೇತಿ ಮುಗಿಸಿ ಇಲ್ಲಿಯೇ ಒಂದು ಕಾರಖಾನೆಯಲ್ಲಿದ್ದಾನೆ.

"ಕಾಲೇಜ ಯಾಕ ಬಿಟ್ಟೆಪಾ?" ಎಂದೆ.

"ಸ್ಕಾಲರ್‌ಶಿಪ್ ಬರಲಿಲ್ರಿ ಸರ. ಅರ್ಜಿ ತುಂಬಿರಲಿಲ್ಲ."

"ಯಾಕ ತುಂಬಲಿಲ್ಲ?"

ಅವನು ಚಹದ ಕಪ್ಪನ್ನು ನೋಡುತ್ತ ಅಂದ: "ನೀವು ವರ್ಗದಾಗ ಎದ್ದ ನಿಂದರ್ರಿ ಅಂದಿದ್ರಿ ಸರ. ನಾ ನಿಂದರಲಿಲ್ಲ."

ನನಗೆ ಆ ದಿನ ನೆನಪಾಯಿತು. ಕಚೇರಿಯಿಂದ ಒಂದು ಚೀಟಿ ಬಂದಿತ್ತು. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ಎದ್ದು ನಿಲ್ಲಲಿ, ಹೆಸರು ಬರೆದುಕೊಳ್ಳುತ್ತೇನೆ ಎಂದು ತುಂಬಿದ ವರ್ಗದಲ್ಲಿ ನಾನು ಗಟ್ಟಿಯಾಗಿ ಹೇಳಿದ್ದೆ. ಕೆಲವರು ಎದ್ದರು, ಉಳಿದವರು ಹೊರಳಿ ನೋಡಿದರು. ನಾನು ಹೆಸರು ಬರೆದುಕೊಂಡು ಪಾಠ ಮುಂದುವರಿಸಿದೆ. ನನ್ನ ಮನಸ್ಸಿನಲ್ಲಿ ಕೇಡೇನೂ ಇರಲಿಲ್ಲ. ಗಂಟೆ ಬಾರಿಸುವುದರೊಳಗೆ ಕೆಲಸ ಮುಗಿಯಲಿ ಎಂಬುದಷ್ಟೇ ಇತ್ತು. ಅವನ ಹಕ್ಕಿನ ಹಣವನ್ನು ಅವನಿಗೆ ಯಾರೂ ಇಲ್ಲವೆಂದಿರಲಿಲ್ಲ. ಆದರೂ ಅದು ಅವನಿಗೆ ಸಿಗಲಿಲ್ಲ. ಅದಕ್ಕೆ ಕಾರಣ ನಾನು.

"ನನ್ನ ತಪ್ಪಾತಪಾ" ಎಂದೆ. "ಇರ್ಲಿ ಬಿಡ್ರಿ ಸರ" ಎಂದು ಅವನೇ ಚಹದ ಹಣ ಕೊಡಲು ಹೋದ.

ಆ ರಾತ್ರಿ ನನಗೆ ನೆನಪಾದದ್ದು ಧಾರವಾಡದ ಅರ್ಜಿ. 1928ರಲ್ಲಿ ಸೈಮನ್ ಆಯೋಗದ ಮುಂದೆ ಬಹಿಷ್ಕೃತ ಹಿತಕಾರಿಣೀ ಸಭೆಯ ಪರವಾಗಿ ಡಾ. ಅಂಬೇಡ್ಕರರು ಸಲ್ಲಿಸಿದ ಶಿಕ್ಷಣ ಕುರಿತ ಹೇಳಿಕೆಯಲ್ಲಿ ಈ ಪ್ರಕರಣ ಬರುತ್ತದೆ. ಅದನ್ನು ಹಿಂದೆ ಓದಿದ್ದಾಗ ಬೇರೆ ಯಾರದೋ ತಪ್ಪಿನ ಕಥೆ ಎಂದು ಓದಿದ್ದೆ.

ಪ್ರಕರಣದ ಹಿನ್ನೆಲೆಯನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಬೆಳಗಾವಿ, ಧಾರವಾಡಗಳು ಆಗ ಮುಂಬಯಿ ಇಲಾಖೆಯಲ್ಲಿದ್ದವು. ಪೇಶವೆಯರ ರಾಜ್ಯ ಕಂಪನಿಯ ವಶವಾದ ಮೇಲೆ ಗವರ್ನರನಾಗಿ ಬಂದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ವಿದ್ಯಾಭಿಮಾನಿಯೆಂದು ಹೆಸರಾದವನು. ಆದರೆ 1823–24ರ ಸುಮಾರಿನ ಅವನ ಟಿಪ್ಪಣಿಯೊಂದರಲ್ಲಿ ಒಂದು ವಿಚಿತ್ರವಾದ ವಾದವಿದೆ. ಕೆಳಜಾತಿಯ ಮಕ್ಕಳೇ ಅತ್ಯುತ್ತಮ ವಿದ್ಯಾರ್ಥಿಗಳಾಗುತ್ತಾರೆಂದು ಮಿಶನರಿಗಳು ಹೇಳುತ್ತಾರೆ. ಆದರೂ ಅವರಿಗೆ ವಿಶೇಷ ಪ್ರೋತ್ಸಾಹ ಕೊಡುವಲ್ಲಿ ಎಚ್ಚರ ಬೇಕು. ನಮ್ಮ ಶಿಕ್ಷಣ ಮೊದಲು ಅವರಲ್ಲಿ ಬೇರೂರಿದರೆ ಅದು ಮುಂದೆ ಹಬ್ಬಲಾರದು ಎಂಬುದು ಅದರ ಸಾರ. ಬುದ್ಧಿಯಿದೆಯೆಂದು ಒಪ್ಪಿಕೊಂಡೇ ಬಾಗಿಲನ್ನು ಓರೆಮಾಡಿದ ವಾದವಿದು.

ಮುಂದೆ 1854ರಲ್ಲಿ ಚಾರ್ಲ್ಸ್ ವುಡ್‌ನ ಪ್ರಸಿದ್ಧ ಶಿಕ್ಷಣ ಆಜ್ಞಾಪತ್ರ ಬಂತು. ವಿದ್ಯೆ ಮೇಲಿನ ಕೆಲವರಿಗೆ ಮಾತ್ರವಲ್ಲ, ಜನಸಾಮಾನ್ಯರಿಗೂ ಮುಟ್ಟಬೇಕೆಂಬ ನೀತಿ ಕಾಗದದ ಮೇಲೆ ಮೂಡಿತು. ಅದಾದ ಎರಡೇ ವರ್ಷಕ್ಕೆ, 1856ರ ಜೂನ್ ತಿಂಗಳಲ್ಲಿ, ಧಾರವಾಡದ ಸರಕಾರಿ ಸಾಲಿಗೆ ಮಹಾರ ಜಾತಿಯ ಹುಡುಗನೊಬ್ಬನ ಪ್ರವೇಶದ ಪ್ರಶ್ನೆ ಎದ್ದಿತು. ಸಾಲಿಯ ಬಾಗಿಲು ತೆರೆಯಲಿಲ್ಲ. ಅರ್ಜಿ ಮುಂಬಯಿ ಸರಕಾರದವರೆಗೆ ಹೋಯಿತು.

ಸರಕಾರ ತಡಮಾಡಲಿಲ್ಲ, 1856ರ ಜುಲೈ 21ರಂದೇ ನಿರ್ಣಯ ಹೊರಟಿತು. ಪ್ರಶ್ನೆ ವ್ಯವಹಾರದಲ್ಲಿ ಬಹಳ ಕಠಿಣವಾದದ್ದೆಂದು ಅದು ಮೊದಲು ಹೇಳುತ್ತದೆ. ಎರಡನೆಯದಾಗಿ, ನ್ಯಾಯವನ್ನು ತತ್ತ್ವದ ದೃಷ್ಟಿಯಿಂದ ನೋಡಿದರೆ ಅದು ಅರ್ಜಿದಾರನ ಕಡೆಗೇ ಇದೆ, ಸಂಶಯವಿಲ್ಲ. ಅವನಿಗೆ ಅಡ್ಡಿಯಾಗಿರುವ ಪೂರ್ವಗ್ರಹಗಳು ಬೇಗನೆ ತೊಲಗುವುವೆಂದು ಸರಕಾರ ನಂಬುತ್ತದೆ. ಮೂರನೆಯದಾಗಿ ಬರುತ್ತದೆ 'ಆದರೆ'. ಒಬ್ಬಿಬ್ಬರ ಸಲುವಾಗಿ ಯುಗಯುಗಗಳ ಪೂರ್ವಗ್ರಹಕ್ಕೆ ಒಮ್ಮೆಲೆ ಕೈಹಾಕಿದರೆ ಶಿಕ್ಷಣದ ಕಾರ್ಯಕ್ಕೇ ದೊಡ್ಡ ಹಾನಿಯಾದೀತು. ಅರ್ಜಿದಾರನ ತೊಂದರೆ ಈ ಸರಕಾರದಿಂದ ಹುಟ್ಟಿದ್ದಲ್ಲ; ಅವನ ಪರವಾಗಿ ನಡುವೆ ಬಂದು ಅದನ್ನು ತಟ್ಟನೆ ನೀಗಿಸಲು ಸರಕಾರಕ್ಕಾಗದು.

ವಾಚಕರು ಈ ನಿರ್ಣಯದ ಜೋಡಣೆಯನ್ನು ಗಮನಿಸಬೇಕು. ಇದರಲ್ಲಿ ಬೈಗುಳವಿಲ್ಲ. ಹುಡುಗ ಕೀಳೆಂದಿಲ್ಲ, ಕಲಿಯಲಾರನೆಂದಿಲ್ಲ. ನ್ಯಾಯ ಅವನದೇ ಎಂದು ಸ್ಪಷ್ಟವಾಗಿ ಒಪ್ಪಲಾಗಿದೆ. ಆಮೇಲೆ ಸಭ್ಯವಾದ ಭಾಷೆಯಲ್ಲಿ, ಶಿಕ್ಷಣದ ಹಿತದ ಹೆಸರಿನಲ್ಲಿಯೇ, ಅವನನ್ನು ಮನೆಗೆ ಕಳಿಸಲಾಗಿದೆ. ಅವನನ್ನು ತಡೆದವರು ಕಾಗದದಲ್ಲಿ ಎಲ್ಲಿಯೂ ಕಾಣುವುದಿಲ್ಲ. ತಡೆದದ್ದು 'ಪೂರ್ವಗ್ರಹ', 'ಪರಿಸ್ಥಿತಿ'. ಹುಡುಗನಿಗೂ ಅಲ್ಲಿ ಹೆಸರಿಲ್ಲ. ಅವನು 'ಮಹಾರ ಅರ್ಜಿದಾರ' ಮಾತ್ರ.

ವಿಷಯ ಇಲ್ಲಿಗೆ ನಿಲ್ಲಲಿಲ್ಲ. 1857ರ ಜನವರಿ 23ರ ಪತ್ರದಲ್ಲಿ ಭಾರತ ಸರಕಾರ ತನ್ನ ಅಭಿಪ್ರಾಯವನ್ನು ತಿಳಿಸಿತು. ಗವರ್ನರ್ ಜನರಲ್ ಲಾರ್ಡ್ ಕ್ಯಾನಿಂಗ್ ಆಗಿದ್ದ ಕಾಲವದು. ಮುಂಬಯಿ ಸರಕಾರ ಜಾಣತನದಿಂದಲೇ ನಡೆದುಕೊಂಡಿರಬಹುದು. ಆದರೆ ಬಂಗಾಲ ಇಲಾಖೆಯ ಯಾವ ಸರಕಾರಿ ಸಾಲಿಯಲ್ಲಿಯೂ ಈ ಹುಡುಗನಿಗೆ ಪ್ರವೇಶ ನಿರಾಕರಿಸುತ್ತಿರಲಿಲ್ಲ ಎಂದು ಅದು ಬರೆಯಿತು. ಒಂದು ಕೈಯಿಂದ ಬೆನ್ನು ತಟ್ಟಿ ಇನ್ನೊಂದು ಕೈಯಿಂದ ಕಿವಿ ಹಿಂಡಿದ ಹಾಗಾಯಿತು. ಪ್ರಕರಣ ಲಂಡನ್ನಿಗೂ ಹೋಯಿತು. ಅಷ್ಟರಲ್ಲಿ ಉತ್ತರ ಹಿಂದುಸ್ತಾನದಲ್ಲಿ 1857ರ ಬಂಡಾಯವೆದ್ದಿತು. ಜಾತಿಧರ್ಮಗಳ ವಿಷಯದಲ್ಲಿ ಕೈಹಾಕಿದ್ದೇ ಈ ಅನರ್ಥಕ್ಕೆ ಕಾರಣವೆಂದು ಅನೇಕ ಆಂಗ್ಲರು ಕೂಗಾಡುತ್ತಿದ್ದ ಸಮಯ. ಅಂತಹ ಹೊತ್ತಿನಲ್ಲಿ ಕಂಪನಿಯ ನಿರ್ದೇಶಕ ಮಂಡಲಿ ಹಿಂಜರಿದಿದ್ದರೆ ಆಶ್ಚರ್ಯಪಡುವಂತಿರಲಿಲ್ಲ. ಆದರೆ 1858ರ ಏಪ್ರಿಲ್ 28ರ ಅದರ ಉತ್ತರ ಬೇರೆಯೇ ಆಗಿತ್ತು. ಸರಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗಗಳಿಗೂ ತೆರೆದಿರತಕ್ಕವು. ಈ ತತ್ತ್ವವನ್ನು ಬಿಡುವಂತಿಲ್ಲ. ಇದನ್ನು ಜಾರಿಗೆ ತಂದಾಗ ಕೆಲವು ಮಕ್ಕಳು ಸಾಲಿ ಬಿಟ್ಟಾರು, ಬಿಡಲಿ. ಒಪ್ಪದವರು ತಮ್ಮ ವಂತಿಗೆಯನ್ನು ಹಿಂದೆಗೆದುಕೊಂಡು ತಮಗೆ ಬೇಕಾದ ರೀತಿಯ ಸಾಲಿಯನ್ನು ತಮ್ಮ ಹಣದಿಂದ ನಡೆಯಿಸಿಕೊಳ್ಳಬಹುದು ಎಂಬರ್ಥದ ಆಜ್ಞೆ ಬಂತು.

ಅದೇ ವರ್ಷದ ಆಗಸ್ಟಿನಲ್ಲಿ ಕಂಪನಿಯ ಆಡಳಿತವನ್ನೇ ಕೊನೆಗೊಳಿಸುವ ಕಾನೂನು ಪಾಸಾಯಿತು. ಹಿಂದುಸ್ತಾನಕ್ಕೆ ಕಂಪನಿ ಮಾಡಿದ ಅಪಕಾರಗಳನ್ನು ನಾವು ಮರೆಯಬೇಕಾಗಿಲ್ಲ. ಆದರೂ ತನ್ನ ಕೊನೆಯ ದಿನಗಳಲ್ಲಿ ಅದು ಬರೆದ ಈ ಒಂದು ಉತ್ತರ ಸರಿಯಾಗಿತ್ತು. ಸಾರ್ವಜನಿಕ ಹಣದಿಂದ ನಡೆಯುವ ಸಾಲಿಯಲ್ಲಿ 'ಉಳಿದವರು ಬಿಟ್ಟು ಹೋಗುತ್ತಾರೆ' ಎಂಬ ಬೆದರಿಕೆ ಒಬ್ಬನನ್ನು ಹೊರಗಿಡಲು ಕಾರಣವಾಗದೆಂದು ಅದು ಸಾರಿತು.

ಇದಾದ ಮೇಲೆ ಬಾಗಿಲು ತೆರೆಯಿತೆ? ಆಜ್ಞೆಯಲ್ಲಿ ತೆರೆಯಿತು. 1882ರಲ್ಲಿ ಹಂಟರ್ ಆಯೋಗ ವಿಚಾರಣೆಗೆ ಕುಳಿತಾಗ ಪುಣೆಯ ಜೋತಿರಾವ್ ಫುಲೆಯವರು ಅದಕ್ಕೊಂದು ಮನವಿ ಸಲ್ಲಿಸಿದರು. ಮಹಾರ, ಮಾಂಗ ಮೊದಲಾದ ಜಾತಿಯ ಮಕ್ಕಳು ಮೇಲ್ಜಾತಿಯವರ ಮಗ್ಗುಲಲ್ಲಿ ಕೂಡ್ರಲು ಬಿಡದ ಕಾರಣ ವಾಸ್ತವದಲ್ಲಿ ಎಲ್ಲ ಸಾಲಿಗಳಿಂದಲೂ ಹೊರಗೇ ಉಳಿದಿದ್ದಾರೆಂದು ಅವರು ಅದರಲ್ಲಿ ತಿಳಿಸಿದರು. ಅಂಕಿಗಳೂ ಅದನ್ನೇ ಹೇಳಿದವು. 1881–82ರಲ್ಲಿ ಮುಂಬಯಿ ಇಲಾಖೆಯ ಪ್ರಾಥಮಿಕ ಸಾಲಿಗಳಲ್ಲಿ ಕೆಳಜಾತಿಯ ಹಿಂದೂ ಮಕ್ಕಳು ನೂರಕ್ಕೆ ಒಬ್ಬರೂ ಇರಲಿಲ್ಲ; ಹೈಸ್ಕೂಲು, ಕಾಲೇಜುಗಳಲ್ಲಿ ಒಬ್ಬನೂ ಇರಲಿಲ್ಲ. ಧಾರವಾಡದ ಅರ್ಜಿಗೆ ಆಗ ಇಪ್ಪತ್ತೈದು ವರ್ಷ ಕಳೆದಿದ್ದವು. ಜಾತಿಯ ಕಾರಣದಿಂದ ಯಾರಿಗೂ ಸರಕಾರಿ ಸಾಲಿಯಲ್ಲಿ ಪ್ರವೇಶ ನಿರಾಕರಿಸಕೂಡದೆಂಬ ತತ್ತ್ವವನ್ನು ಹಂಟರ್ ಆಯೋಗ ಮತ್ತೆ ಎತ್ತಿಹಿಡಿಯಿತು; ಆದರೆ ಅದನ್ನು 'ತಕ್ಕ ಎಚ್ಚರಿಕೆಯಿಂದ' ಅನ್ವಯಿಸಬೇಕೆಂದೂ ಸೇರಿಸಿತು. ಸಂಖ್ಯೆ ಸಾಕಷ್ಟಿರುವಲ್ಲಿ ಈ ಮಕ್ಕಳಿಗೆ ಬೇರೆ ಸಾಲಿ ತೆರೆಯುವುದಕ್ಕೂ ಪ್ರೋತ್ಸಾಹ ಕೊಟ್ಟಿತು. ಎಚ್ಚರಿಕೆಯೆಂಬುದು ತಡೆಯುವವರ ಕೈಗೆ ಸಿಕ್ಕಿದ ಇನ್ನೊಂದು ಅಗಳಿಯಾಯಿತು.

ಒಳಗೆ ಪ್ರವೇಶ ಸಿಕ್ಕವರ ಪಾಡೇನಾಗಿತ್ತೆಂಬುದಕ್ಕೆ ಅಂಬೇಡ್ಕರರ ಬಾಲ್ಯವೇ ಸಾಕ್ಷಿ. 1900ರ ಆಸುಪಾಸಿನಲ್ಲಿ ಸಾತಾರೆಯ ಸರಕಾರಿ ಸಾಲಿಯ ಹಾಜರಿಯಲ್ಲಿ ಅವರ ಹೆಸರಿತ್ತು. ಆದರೆ ಕೂಡ್ರಲು ಮನೆಯಿಂದ ಗೋಣಿತಟ್ಟು ತರಬೇಕು, ಸಂಜೆ ಅದನ್ನು ತಿರುಗಿ ಒಯ್ಯಬೇಕು, ಏಕೆಂದರೆ ಸಾಲಿ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ನೀರಡಿಸಿದರೆ ಸಾಲಿಯ ಸಿಪಾಯಿ ಬಂದು ನಳ ತಿರುವಬೇಕು. ಅವನು ಇಲ್ಲದ ದಿನ ನೀರೂ ಇಲ್ಲ. ಸರಕಾರದ ದಫ್ತರದ ಪ್ರಕಾರ ಅಲ್ಲಿ ಭೇದವೇ ಇರಲಿಲ್ಲವೆಂಬುದನ್ನು ನೆನಪಿಡಬೇಕು.

ನಮ್ಮ ತಂದೆಯವರು ಖಾನಾಪುರ ತಾಲೂಕಿನ ಹಳ್ಳಿಯ ಸಾಲಿಯಲ್ಲಿ ಕಲಿತವರು. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿದ್ದ ಕಾಲ. ಮಳೆಗಾಲದಲ್ಲಿ ಸಾಲಿಯ ಪಡಸಾಲೆಗೆ ಇರಸಲು ಹೊಡೆಯುತ್ತಿತ್ತಂತೆ. ನಾಲ್ಕು ಹುಡುಗರು ಮಾತ್ರ ಅಲ್ಲಿಯೇ, ಬಾಗಿಲಾಚೆ ಕೂಡ್ರುತ್ತಿದ್ದರಂತೆ. "ಅವರ ಪಾಟೀನ ಮಾಸ್ತರರು ದೂರಿಂದನ ನೋಡ್ತಿದ್ರು. ನಮಗ ಅದು ವಿಚಿತ್ರ ಅಂತ ಅನಿಸಿರಲೇ ಇಲ್ಲ" ಎಂದು ತಂದೆಯವರು ಹೇಳಿದ್ದುಂಟು. ಆ ನಾಲ್ವರಲ್ಲಿ ಯಾರೂ ನಾಲ್ಕನೆಯ ಇಯತ್ತೆ ದಾಟಲಿಲ್ಲವಂತೆ. ಅವರನ್ನು ಸಾಲಿಯಿಂದ ತೆಗೆದುಹಾಕಿದ ದಾಖಲೆ ಎಲ್ಲಿಯೂ ಸಿಗದು.

ಹೀಗೆಂದ ಮಾತ್ರಕ್ಕೆ ಆಜ್ಞೆಗಳು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಆಜ್ಞೆ ಹೊರಡಿಸುವವನಿಗೆ ಮನಸ್ಸಿದ್ದರೆ ಏನಾಗಬಹುದೆಂಬುದಕ್ಕೂ ನಮ್ಮ ಪಕ್ಕದಲ್ಲಿಯೇ ದೃಷ್ಟಾಂತವಿದೆ. ಕೊಲ್ಲಾಪುರದ ಶಾಹೂ ಮಹಾರಾಜರು 1919ರಲ್ಲಿ ತಮ್ಮ ಸಂಸ್ಥಾನದಲ್ಲಿ ಅಸ್ಪೃಶ್ಯರ ಪ್ರತ್ಯೇಕ ಸಾಲಿಗಳನ್ನು ಮುಚ್ಚಿಸಿ, ಎಲ್ಲ ಮಕ್ಕಳನ್ನೂ ಒಂದೇ ಸಾಲಿಯಲ್ಲಿ ಕೂಡ್ರಿಸಬೇಕೆಂದು ಕಟ್ಟಪ್ಪಣೆ ಮಾಡಿದರು. ಇಂದು ಬೆಳಗಾವಿ ಜಿಲ್ಲೆಯಲ್ಲಿರುವ ರಾಯಬಾಗ ಆಗ ಅವರ ಸಂಸ್ಥಾನದಲ್ಲಿಯೇ ಇತ್ತು. ಬ್ರಿಟಿಶ್ ಆಡಳಿತದ ಭಾಗದಲ್ಲಿ ಇದಕ್ಕೆ ಇನ್ನೂ ನಾಲ್ಕು ವರ್ಷ ಬೇಕಾಯಿತು. 1923ರ ಆಗಸ್ಟಿನಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಎಸ್. ಕೆ. ಬೋಲೆಯವರು ಮಂಡಿಸಿದ ಗೊತ್ತುವಳಿ ಪಾಸಾಗಿ, ಸಾರ್ವಜನಿಕ ಹಣದ ಕೆರೆ ಬಾವಿ ಧರ್ಮಶಾಲೆಗಳ ಜೊತೆಗೆ ಸಾಲಿ, ಕಚೇರಿ, ದವಾಖಾನೆಗಳೂ ಅಸ್ಪೃಶ್ಯರಿಗೆ ತೆರೆದಿರಬೇಕೆಂದು ಘೋಷಿಸಿತು. ಎರಡು ವರ್ಷದ ಮೇಲೆ, 1925ರಲ್ಲಿ, ನಮ್ಮ ನಿಪ್ಪಾಣಿಯಲ್ಲಿ ನಡೆದ ದಲಿತ ವರ್ಗಗಳ ಪ್ರಾಂತಿಕ ಪರಿಷತ್ತಿಗೆ ಅಂಬೇಡ್ಕರರು ಬಂದರು. 1856ರಲ್ಲಿ ಒಂಟಿಯಾಗಿ ಹೋಗಿದ್ದ ಅರ್ಜಿಯ ಹಿಂದೆ ಈಗ ಒಂದು ಸಮುದಾಯವೇ ನಿಂತಿತ್ತು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನ ಆ ಹಳೆಯ ಅರ್ಜಿಗೆ ಕೊನೆಗೂ 'ಆದರೆ' ಇಲ್ಲದ ಉತ್ತರ ಕೊಟ್ಟಿತು. ಸರಕಾರ ನಡೆಸುವ ಇಲ್ಲವೆ ಸರಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಯಲ್ಲಿ ಧರ್ಮ, ಜನಾಂಗ, ಜಾತಿ, ಭಾಷೆ ಇವುಗಳ ಕಾರಣದಿಂದ ಮಾತ್ರವೇ ಯಾವ ನಾಗರಿಕನಿಗೂ ಪ್ರವೇಶ ನಿರಾಕರಿಸಕೂಡದೆಂದು 29ನೆಯ ವಿಧಿ ಹೇಳುತ್ತದೆ. ಭಾಷೆಯ ಹೆಸರೂ ಇದರಲ್ಲಿರುವುದು ಕನ್ನಡ ಮರಾಠಿಗಳೆರಡೂ ಒಂದೇ ಓಣಿಯಲ್ಲಿ ನಡೆದಾಡುವ ನಮ್ಮ ಸೀಮೆಗೆ ಎಷ್ಟು ಮುಖ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿಧಿಯ ಪರೀಕ್ಷೆ ಬೇಗನೆ ನಡೆಯಿತು, ಅದೂ ಮುಂಬಯಿ ರಾಜ್ಯದಲ್ಲಿ. ಬೆಳಗಾವಿ ಆಗಿನ್ನೂ ಅದೇ ರಾಜ್ಯದಲ್ಲಿತ್ತು. ಮನೆಮಾತು ಇಂಗ್ಲಿಷ್ ಅಲ್ಲದ ಭಾರತೀಯ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಸಾಲಿಗಳಿಗೆ ಸೇರಿಸಿಕೊಳ್ಳಕೂಡದೆಂದು 1954ರ ಜನವರಿಯಲ್ಲಿ ಸರಕಾರ ಆಜ್ಞೆ ಹೊರಡಿಸಿತು. ದೇಶಭಾಷೆ ಬೆಳೆಯಲಿ ಎಂಬುದು ಉದ್ದೇಶ. ಕನ್ನಡದವನಾದ ನನಗೆ ಆ ಉದ್ದೇಶದ ಮೇಲೆ ಪ್ರೀತಿಯೇ ಇದೆ. ಆದರೆ ಸುಪ್ರೀಮ್ ಕೋರ್ಟು ಅದೇ ವರ್ಷ ಆಜ್ಞೆಯನ್ನು ತಳ್ಳಿಹಾಕಿತು. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಮಗುವಿಗೆ ಪ್ರವೇಶ ತಪ್ಪಿದ್ದು ಭಾಷೆಯ ಕಾರಣಕ್ಕೋ ಅಲ್ಲವೋ ಎಂಬುದನ್ನು ನೋಡಬೇಕು ಎಂಬುದು ಆ ತೀರ್ಪಿನ ತಿರುಳು. 1856ರ ನಿರ್ಣಯದ ಮಗ್ಗುಲಲ್ಲಿ ಈ ತೀರ್ಪನ್ನು ಇಟ್ಟು ಓದಬೇಕು. ಅಂದಿನವರು ತಮ್ಮ ಮನಸ್ಸಿನಲ್ಲೇನಿದೆ ಎಂಬುದನ್ನು ಮುಂದೆ ಮಾಡಿದರು. ನ್ಯಾಯಾಲಯ ಮಗುವಿಗೇನಾಯಿತು ಎಂದು ಕೇಳಿತು.

ಮರುವರ್ಷ, 1955ರಲ್ಲಿ, ಅಸ್ಪೃಶ್ಯತೆಯ ಅಪರಾಧಗಳ ಕಾಯ್ದೆ ಬಂತು. 1976ರಿಂದ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣೆಯ ಕಾಯ್ದೆಯೆಂಬ ಹೆಸರು. ವಿದ್ಯಾಸಂಸ್ಥೆ, ವಿದ್ಯಾರ್ಥಿನಿಲಯ, ಆಸ್ಪತ್ರೆಗಳಲ್ಲಿ ಅಸ್ಪೃಶ್ಯತೆಯ ಕಾರಣದಿಂದ ಪ್ರವೇಶ ನಿರಾಕರಿಸುವುದು ಅದರಂತೆ ಅಪರಾಧ. ಸೇರಿಸಿಕೊಂಡ ಮೇಲೆ ಭೇದ ಮಾಡುವುದೂ ಅಪರಾಧ. ಈ ಎರಡನೆಯ ಮಾತನ್ನು ಬರೆದವರಿಗೆ ಗೋಣಿತಟ್ಟು, ನಳ, ಪಡಸಾಲೆಗಳ ಕಥೆ ಗೊತ್ತಿದ್ದಿರಬೇಕು. ಕುಶಲಕರ್ಮಿಗಳ ತರಬೇತಿಗೂ ಇದೇ ಮಾತು ಸಲ್ಲುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ ತಿದ್ದುಪಡಿಯಾಗಿ ಪರಿಶಿಷ್ಟ ಜಾತಿ, ಪಂಗಡದವರಿಗೆ ತರಬೇತಿಯ ಸ್ಥಾನಗಳನ್ನು ಕಾದಿಡುವ ಕಲಮು ಸೇರಿತು. ವಿಶ್ವವಿದ್ಯಾಲಯ ಅನುದಾನ ಆಯೋಗ 2012ರಲ್ಲಿ ಕಾಲೇಜುಗಳಲ್ಲಿ ಭೇದದ ದೂರುಗಳನ್ನು ಕೇಳಲು ಒಬ್ಬ ಅಧಿಕಾರಿ ಇರಬೇಕೆಂಬ ನಿಯಮ ಮಾಡಿತು. ಸ್ಥಾನಗಳ ಲೆಕ್ಕ ತಖ್ತೆಯಲ್ಲಿ ಸಿಗುತ್ತದೆ. ಆದರೆ ಒಳಗೆ ಬಂದ ಹುಡುಗನಿಗೆ ಯಂತ್ರ ಕೊಟ್ಟರೋ ಕಸಬರಿಗೆ ಕೊಟ್ಟರೋ, ಫಿಟ್ಟರ್ ಆಗಬೇಕೆಂದು ಬಂದ ಹುಡುಗಿಗೆ ಹೊಲಿಗೆಯ ವಿಭಾಗ ತೋರಿಸಿದರೋ, ಇದನ್ನು ತಖ್ತೆ ಹೇಳದು. ಅದನ್ನು ಅಲ್ಲಿದ್ದವರೇ ನೋಡಬೇಕು.

ಇತಿಹಾಸ ಓದುವವರಿಗೆ ಒಂದು ಸೌಕರ್ಯವಿದೆ. ಹಳೆಯ ಕಾಗದದಲ್ಲಿ ತಪ್ಪು ಮಾಡಿದವನು ಯಾವಾಗಲೂ ಇನ್ನೊಬ್ಬನಾಗಿರುತ್ತಾನೆ. ನಾನು ಕೂಡ ಅದೇ ನೆಮ್ಮದಿಯಲ್ಲಿದ್ದೆ. 1856ರ ಆ ಅಧಿಕಾರಿಗಳು ನನಗಿಂತ ಕೆಟ್ಟವರಾಗಿದ್ದರೆಂದು ಈಗ ನಾನು ಹೇಳಲಾರೆ. ಅವರಿಗೆ ಸಾಲಿ ಸುಸೂತ್ರವಾಗಿ ನಡೆಯಬೇಕಾಗಿತ್ತು. ನನಗೆ ವರ್ಗ ಸುಸೂತ್ರವಾಗಿ ನಡೆಯಬೇಕಾಗಿತ್ತು. ಎರಡು ಕಡೆಗೂ ಆ ಸೌಕರ್ಯದ ಬೆಲೆ ತೆತ್ತವನು ಒಬ್ಬ ಹುಡುಗ.

ಕೆಲವು ದಿನಗಳ ಮೇಲೆ ಅದೇ ಚಹದಂಗಡಿಯಲ್ಲಿ ಅವನು ಮತ್ತೆ ಸಿಕ್ಕ. ತರಬೇತಿಗೆ ಹೋದಲ್ಲಿ ಸ್ಕಾಲರ್‌ಶಿಪ್ ಹೇಗೆ ಸಿಕ್ಕಿತೆಂದು ಕೇಳಿದೆ.

"ಅಲ್ಲಿ ಯಾರೂ ಏಳಸಲಿಲ್ರಿ ಸರ. ಎಲ್ಲಾರಿಗೂ ಒಂದೊಂದು ಹಾಳಿ ಕೊಟ್ರು. ಯಾರ್ಯಾರಿಗೆ ಏನೇನು ಸಿಗತೈತಿ ಅಂತ ಅದರಾಗ ಬರದಿತ್ತು. ಬೇಕಾದವರು ಆಫೀಸಿಗೆ ಹೋಗಿ ತುಂಬಿ ಕೊಟ್ಟಿವಿ."

ಇಷ್ಟೇ. ಒಂದು ಹಾಳೆಯ ಖರ್ಚು. ಅದನ್ನು ಯೋಚಿಸಿದ ಆ ಗುಮಾಸ್ತನೋ ಶಿಕ್ಷಕನೋ ಯಾರೆಂದು ಹುಡುಗನಿಗೂ ತಿಳಿಯದು.

ಈ ವರ್ಷ ಕಚೇರಿಯಿಂದ ಚೀಟಿ ಬಂದಾಗ ನಾನು ಅದನ್ನು ವರ್ಗದಲ್ಲಿ ಓದಲಿಲ್ಲ. ಅದರಲ್ಲಿದ್ದುದನ್ನು ಕನ್ನಡದಲ್ಲಿ ಬರೆದು, ಪ್ರತಿ ಮಾಡಿಸಿ, ಎಲ್ಲರಿಗೂ ಒಂದೊಂದು ಹಂಚಿದೆ. ಅರ್ಜಿ ಒಯ್ಯಲು ನನ್ನ ಕೋಣೆಗೆ ಬೇಕಾದಾಗ ಬರಬಹುದೆಂದು ಕೆಳಗೆ ಬರೆದಿದ್ದೆ. ಹಿಂದಿನ ವರ್ಷಗಳಲ್ಲಿ ಎದ್ದು ನಿಲ್ಲುತ್ತಿದ್ದವರಿಗಿಂತ ಹೆಚ್ಚು ಜನ ಬಂದರು. ಎಷ್ಟು ಹೆಚ್ಚು ಎಂದು ಎಣಿಸಿದಾಗ, ಇಷ್ಟು ವರ್ಷಗಳಲ್ಲಿ ಕುಳಿತೇ ಉಳಿದವರ ಲೆಕ್ಕವೂ ಮನಸ್ಸಿನಲ್ಲಿ ಬಂತು. ಅವರಲ್ಲಿ ಒಬ್ಬನನ್ನು ಮಾತ್ರ ನಾನು ಬಲ್ಲೆ. ಅವನು ಈಗಲೂ ಉದ್ಯಮಬಾಗದಲ್ಲಿ ಲೇಥಿನ ಮುಂದಿದ್ದಾನೆ. ಒಳ್ಳೆಯ ಕೆಲಸಗಾರನೆಂದು ಹೆಸರು ಪಡೆದಿದ್ದಾನೆ. ಹಳಗನ್ನಡದ ಪದ್ಯ ನೆನಪಿದೆಯೇ ಎಂದು ಅವನನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.